ಮುರಿದುಕೊಳ್ಳುವುದು

ಡುಲುತ್ ಊರಿನ ಆರ್ವೋ ನಿಯೆಮಿಯ ಡೋನಟ್ ಅಂಗಡಿ.
ಜೂನ್ ಮೊದಲ ವಾರ, ಬೆಳಗಿನ ನಾಲ್ಕೂ ಮುಕ್ಕಾಲು.
ಸರೋವರದ ಮಂಜಿನೊಳಗೆ ಯಾವುದೋ ಅದಿರಿನ ಹಡಗು
ಗಂಟಲು ಸರಿಮಾಡಿಕೊಳ್ಳುತ್ತಿದೆ.
ಆರ್ವೋ ಹಿಟ್ಟಿನ ಕೈಯಲ್ಲೇ ಹಾಳೆ ಚಾಚಿದ:
"ಸಂಬಳದಲ್ಲಿ ತೆರಿಗೆ ಹೇಗೆ ಮುರಿದುಕೊಳ್ಳಬೇಕು
ಅಂತ ಸರ್ಕಾರ ಕೇಳುತ್ತೆ. ತುಂಬಿಕೊಡು."

ಕೇಳುತ್ತಂತೆ!
ಹತ್ತೊಂಬತ್ತು ವರ್ಷದಲ್ಲಿ ನನ್ನಿಂದ ಏನನ್ನಾದರೂ
ತೆಗೆದುಕೊಳ್ಳುವ ಮುಂಚೆ ಕೇಳಿದವರು
ಇವರೇ ಮೊದಲು.

ಹೆಸರು ಸಲೀಸು: ಬ್ರಿಟಾ ಕೊಸ್ಕಿ.
ವಿಳಾಸಕ್ಕೆ ಬಂದಾಗ ಪೆನ್ನು ನಿಂತಿತು.
ಹಾಸ್ಟೆಲ್ಲಿಗೆ ಆಗಸ್ಟ್‌ವರೆಗೆ ಬೀಗ,
ಗೆಳತಿಯ ಸೋಫಾಕ್ಕೆ ಮನೆ ನಂಬರು ಉಂಟೆ?
ಅಮ್ಮನಿಗೆ ಫೋನು ಮಾಡಿದೆ.
"ಈ ವರ್ಷ ನೀನು ಅಪ್ಪನ ಲೆಕ್ಕ," ಅಂದಳು ನಿದ್ದೆಗಣ್ಣಲ್ಲಿ.
ಬೆಸ ವರ್ಷ ಅಮ್ಮನಿಗೆ, ಸಮ ವರ್ಷ ಅಪ್ಪನಿಗೆ:
ನ್ಯಾಯಾಧೀಶರು ಹಾಗೆ ಪಾಲು ಮಾಡಿದ್ದರು,
ಇಬ್ಬರ ತೆರಿಗೆಗೂ ನಾನೊಂದು ರಿಯಾಯಿತಿ.
ನನ್ನ ಲೆಕ್ಕಕ್ಕೆ ನಾನು ಬರುವ ವರ್ಷ
ಬೆಸವೋ ಸಮವೋ
ಕೇಳಲಿಲ್ಲ. ಎಣ್ಣೆ ಕಾದಿತ್ತು.

ಡೆಸ್ಮಂಡ್ ಅಕೌಂಟಿಂಗ್ ಓದುವವನು,
ಸಕ್ಕರೆ ಉದುರಿಸುತ್ತ ಉಪದೇಶವನ್ನೂ ಉದುರಿಸಿದ:
"ಬೇಸಿಗೆ ಹನ್ನೆರಡು ವಾರ ಪೂರ್ತಿ ದುಡಿಮೆ,
ಆಮೇಲೆ ಶನಿವಾರ, ಭಾನುವಾರ. ಅಷ್ಟೇ ತಾನೆ?
ವರ್ಷದ ಗಂಟು ತೆರಿಗೆಯ ಹೊಸ್ತಿಲು ಮುಟ್ಟುವುದಿಲ್ಲ.
ಹೋದ ವರ್ಷವೂ ನಿನಗೆ ತೆರಿಗೆ ಬರಲಿಲ್ಲ.
'ವಿನಾಯಿತಿ' ಅಂತ ಬರೆ, ಮುಗಿಯಿತು.
ಇಲ್ಲದಿದ್ದರೆ ಚೆಕ್ಕಿಗೆ ನಲವತ್ತು ಡಾಲರು
ಬಡ್ಡಿಯಿಲ್ಲದ ಸಾಲ, ಅದೂ ಯಾರಿಗೆ?
ಯುದ್ಧನೌಕೆ ಇಟ್ಟುಕೊಂಡವರಿಗೆ!"

ಲವೆರ್ನ್ ಟ್ರೇ ಕುಕ್ಕಿದಳು.
"ಸುಮ್ಮನಿರೋ. ಮುರಿದುಕೊಳ್ಳಲಿ ಬಿಡು, ಮಗಳೇ.
ಏಪ್ರಿಲ್‌ನಲ್ಲಿ ಇಡಿಯಾಗಿ ವಾಪಸು ಬರುತ್ತೆ.
ಕೈಯಲ್ಲಿದ್ದದ್ದು ಕೈಯಲ್ಲೇ ಕರಗುತ್ತೆ.
ನೋಡು," ತುಟಿ ಎತ್ತಿ ತೋರಿಸಿದಳು,
"ಈ ಎರಡು ಹಲ್ಲು ಏಪ್ರಿಲ್ ಕಟ್ಟಿಸಿದ್ದು."

ಅವಳ ಮಾತು ಸರಿ. ನನ್ನ ಕೈ ನನಗೆ ಗೊತ್ತು.
ಆದರೆ ಏಪ್ರಿಲ್ ಎಂಬುದು ಈ ಊರಿನಲ್ಲಿ
ಬರುತ್ತೇನೆಂದು ಹೇಳಿ ಬಾರದ ನೆಂಟ.
ಆಗಲೂ ಹಿಮ ತೋಡುತ್ತಿರುತ್ತೇವೆ.
ಸೋಫಾದ ಬಾಡಿಗೆ ಶುಕ್ರವಾರಕ್ಕೆ.

'ವಿನಾಯಿತಿ' ಎಂದು ಬರೆದೆ,
ಬೇಕಿದ್ದಕ್ಕಿಂತ ದೊಡ್ಡ ಅಕ್ಷರದಲ್ಲಿ.
ಸಹಿಯ ಮೇಲೆ ಜೇನುಪಾಕದ ಬೆರಳಚ್ಚು ಬಿತ್ತು.
ರಾಜ್ಯಕ್ಕೆ ಬೇರೆ ಹಾಳೆ. ಅದಕ್ಕೂ ಅಂಟಿತು.

ಎರಡು ವಾರ ಕಳೆದು ಮೊದಲ ಚೀಟಿ.
ದುಡಿದದ್ದು ಒಂಬೈನೂರ ಎಂಬತ್ತು.
ಕೇಂದ್ರದ ತೆರಿಗೆ: ಸೊನ್ನೆ, ಡೋನಟ್ಟಿನಷ್ಟು ದುಂಡಗೆ.
ಅದರ ಕೆಳಗೆ, ಯಾರೂ ನನ್ನ ಕೇಳದೆ,
ಅರವತ್ತು ಡಾಲರು ಎಪ್ಪತ್ತಾರು ಸೆಂಟು ಮುದುಕರ ಪಿಂಚಣಿಗೆ,
ಹದಿನಾಲ್ಕು ಇಪ್ಪತ್ತೊಂದು ಅವರ ಆಸ್ಪತ್ರೆಗೆ.
"ಇದಕ್ಕೆ ವಿನಾಯಿತಿ ಇಲ್ಲವಾ?"
ಡೆಸ್ಮಂಡ್ ನಕ್ಕ. "ಅದಕ್ಕೆ ಸತ್ತೇ ಹೋಗಬೇಕು."

ಸಿಟ್ಟು ಬಂತು. ಎಪ್ಪತ್ತೈದು ಡಾಲರು,
ಐದು ಗಂಟೆಗೂ ಮೇಲೆ ಎಣ್ಣೆಯ ಮುಂದೆ ನಿಂತದ್ದು.
ಅಷ್ಟರಲ್ಲಿ ಬಾಗಿಲ ಗಂಟೆ. ಮಿಸೆಸ್ ಟಾಲೆಫ್ಸನ್,
ಎಂಬತ್ತಾರರ ಪ್ರಾಯ, ಗಂಡಸಿನ ಕೋಟು.
ದಿನದಂತೆ ಒಂದೇ ಒಂದು ಸಾದಾ ಡೋನಟ್.
ಚಿಲ್ಲರೆಯನ್ನು ಗಾಜಿನ ಮೇಲೆ
ಒಂದೊಂದಾಗಿ ಸಾಲು ಹಚ್ಚಿ ಎಣಿಸುತ್ತಾಳೆ,
ತಪ್ಪಿದರೆ ಮೊದಲಿನಿಂದ.

ನೋಡಿದೆ ಆ ನಾಣ್ಯಗಳನ್ನು.
ಯಾವುದರ ಮೇಲೂ ನನ್ನ ಬೆರಳಿನ ಪಾಕವಿಲ್ಲ.
ಇದ್ದರೂ ಗುರುತು ಸಿಗುವುದಿಲ್ಲವೆನ್ನಿ.
ಅವಳು ಡೋನಟ್ಟನ್ನು ಅಲ್ಲೇ ಎರಡು ಮುರಿದಳು,
ಅರ್ಧ ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ:
ಮಧ್ಯಾಹ್ನಕ್ಕಂತೆ.

ನಾನು ಚೀಟಿ ಮಡಚಿ ಏಪ್ರನ್ನಿಗೆ ತುರುಕಿದೆ.
"ಏನು ಹುಡುಗಿ, ಸಂಬಳ ಬಂತಾ?" ಅಂದಳು.
ಬಂತು, ಅಂದೆ.
"ಎಲ್ಲಾ ಖರ್ಚು ಮಾಡಬೇಡ."